ಕೊನೆಯ ಪ್ಲೇಸ್‌ಮೆಂಟ್‌ನಲ್ಲಿ ಸಿಕ್ಕಿಕೊಂಡವರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು: ಎಂಎಸ್‌ಡಬ್ಲ್ಯು (ಸೋಷಿಯಲ್ ವರ್ಕ್ ಸ್ನಾತಕೋತ್ತರ ಪದವಿ) ಕೊನೆಯ ಪ್ಲೇಸ್‌ಮೆಂಟ್, ಅಂದರೆ ಡಿಗ್ರಿ ಮುಗಿಯುವ ಮುಂಚೆ ಒಂದು ಸಂಸ್ಥೆಯಲ್ಲಿ (ಏಜೆನ್ಸಿ ಅಂತೀವಿ) ಇದ್ದು ಮಾಡುವ ಫೀಲ್ಡ್ ವರ್ಕ್. ಒಂದೇ ಥರದ ಪತ್ರಗಳನ್ನು ಸೇರಿಸಿ ಒಂದು ಪ್ರಶ್ನೆ ಮಾಡಿದ್ದೇನೆ, ಗುರುತು ಸಿಗುವಂಥ ವಿವರಗಳನ್ನು ತೆಗೆದಿದ್ದೇನೆ. ವಿದ್ಯಾರ್ಥಿಗಳ ಫೀಲ್ಡ್ ವರ್ಕ್ ನೋಡಿಕೊಳ್ಳುತ್ತಲೇ ತಲೆ ಬೆಳ್ಳಗಾದವಳು ನಾನು. ಕೆಲವು ಉತ್ತರ ಖಾರ ಅನ್ನಿಸಿದರೆ ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ನನ್ನ ಬ್ಲಾಕ್ ಪ್ಲೇಸ್‌ಮೆಂಟ್ (ಸತತವಾಗಿ ಮಾಡುವ ಫೀಲ್ಡ್ ವರ್ಕ್) ಶುರುವಾಗಿ ಇದು ನಾಲ್ಕನೇ ವಾರ. ಫೈಲ್ ಜೋಡಿಸುವುದು, ಎಕ್ಸೆಲ್ ಶೀಟ್ ತುಂಬುವುದು, ಕಾರ್ಯಕ್ರಮ ಇದ್ದರೆ ಫೋಟೋ ಹೊಡೆಯುವುದು, ಇಷ್ಟೇ ಕೆಲಸ. ಒಬ್ಬ ಕ್ಲೈಂಟ್ ಜೊತೆಯೂ ಕೂತು ಮಾತಾಡಿಲ್ಲ. ಕೇಸ್ ಕೊಡಿ ಅಂತ ಕೇಳಿದರೆ "ನೋಡೋಣ" ಅಂತಾರೆ. ಒತ್ತಾಯ ಮಾಡಿದರೆ ಮಾರ್ಕ್ಸ್‌ಗೆ ಪೆಟ್ಟು ಬೀಳುತ್ತಾ?

ಉತ್ತರ: ಮೊದಲ ಒಂದೆರಡು ವಾರ ಹೀಗಿದ್ದರೆ ಸಹಜ ಅನ್ನುತ್ತಿದ್ದೆ. ಬಂದ ದಿನವೇ ಹೊಸಬರನ್ನು ಕ್ಲೈಂಟ್ ಎದುರು ಕೂರಿಸುವ ಏಜೆನ್ಸಿ ಕಂಡರೆ ನನಗೆ ಭಯವಾಗುತ್ತದೆ. ಆದರೆ ನಾಲ್ಕನೇ ವಾರವೂ ಫೋಟೋ ಹೊಡೆಯುತ್ತಿದ್ದೀರಿ ಅಂದರೆ ಬಾಯಿ ಬಿಡಲೇಬೇಕು. ಕೇಳಿದ್ದಕ್ಕೆ ಮಾರ್ಕ್ಸ್ ಕಡಿಮೆಯಾಗಿದ್ದನ್ನು ನಾನು ನೋಡಿಲ್ಲ. ಕೊನೆಯವರೆಗೂ ಸುಮ್ನೆ ಇದ್ದು, ವೈವಾದಲ್ಲಿ "ಏಜೆನ್ಸಿಯವರು ಏನೂ ಕೊಡಲಿಲ್ಲ ಸರ್" ಅಂದವರಿಗೆ ಕಡಿಮೆಯಾಗಿದ್ದನ್ನು ತುಂಬಾ ನೋಡಿದ್ದೇನೆ.

ಕೇಳುವ ರೀತಿ ಬದಲಿಸಿ. "ಕೇಸ್ ಕೊಡಿ" ಅಂದರೆ ಸೂಪರ್‌ವೈಸರ್ ಕೂತು ಯೋಚಿಸಬೇಕು, ಯಾವ ಕೇಸ್, ಎಷ್ಟು ಕೊಡಬಹುದು, ಏನಾದರೂ ಎಡವಟ್ಟಾದರೆ ಯಾರು ಹೊಣೆ ಅಂತ. ಅಷ್ಟಕ್ಕೆ ಅವರಿಗೆ ಪುರುಸೊತ್ತಿಲ್ಲ, ಅದಕ್ಕೇ "ನೋಡೋಣ". ಆ ಯೋಚನೆ ನೀವೇ ಮಾಡಿಕೊಂಡು ಹೋಗಿ. "ಗುರುವಾರದ ಹೋಮ್ ವಿಸಿಟ್‌ಗೆ ನಾನೂ ಬರಲಾ? ಮಾತಾಡಲ್ಲ, ಸುಮ್ನೆ ನೋಡ್ತೀನಿ. ನೋಟ್ಸ್ ನಾನೇ ಬರೀತೀನಿ, ನೀವು ತಿದ್ದಿ." ಇದಕ್ಕೆ ಇಲ್ಲ ಅನ್ನುವುದು ಕಷ್ಟ, ಯಾಕೆಂದರೆ ನೋಟ್ಸ್ ಬರೆಯುವ ಕೆಲಸ ಅವರಿಗೂ ತಪ್ಪಿತು. ಎರಡನೇ ಸಲ "ಮೊದಲ ಹತ್ತು ನಿಮಿಷ ನಾನು ಮಾತಾಡಲಾ?" ಅನ್ನಿ. ಆಮೇಲೆ ನೀವು ಮಾತಾಡುತ್ತೀರಿ, ಅವರು ನೋಡುತ್ತಾರೆ. ನೋಡುವುದು, ಜೊತೆಗೆ ಮಾಡುವುದು, ಅವರ ಕಣ್ಣೆದುರು ಮಾಡುವುದು, ಒಬ್ಬರೇ ಮಾಡಿ ಬಂದು ಹೇಳುವುದು. ಈ ನಾಲ್ಕು ಹಂತ ದಾಟಿದರೆ ಪ್ಲೇಸ್‌ಮೆಂಟ್ ಸಾರ್ಥಕ. ನೀವಿನ್ನೂ ಮೊದಲ ಹಂತಕ್ಕೇ ಬಂದಿಲ್ಲ.

ಇನ್ನು ಫೈಲ್ ಜೋಡಿಸುವ ಕೆಲಸ. ಅದನ್ನು ತಾತ್ಸಾರ ಮಾಡಬೇಡಿ. ಅನುಮತಿ ಕೇಳಿ, ಮುಗಿದುಹೋದ ಒಂದೆರಡು ಕೇಸ್ ಫೈಲ್‌ಗಳನ್ನು ಪೂರ್ತಿ ಓದಿ. ಮೊದಲು ಯಾರು ಕರೆದುಕೊಂಡು ಬಂದರು, ಎಷ್ಟನೇ ಭೇಟಿಯಲ್ಲಿ ಮನೆಯವರು ಬಾಗಿಲು ತೆಗೆಯಲಿಲ್ಲ, ಎಲ್ಲಿ ಯೋಜನೆ ಬದಲಾಯಿತು, ಮುಖ್ಯವಾಗಿ ಏನನ್ನು ಬರೆದೇ ಇಲ್ಲ. ಆಮೇಲೆ ಐಸಿಯಲ್ಲಿ (ಸೂಪರ್‌ವೈಸರ್ ಜೊತೆ ಒಬ್ಬರೇ ಕೂತು ಮಾತಾಡುವ ಇಂಡಿವಿಜುವಲ್ ಕಾನ್ಫರೆನ್ಸ್) "ಈ ಕೇಸನ್ನು ಇಷ್ಟು ಬೇಗ ಯಾಕೆ ಮುಚ್ಚಿದ್ರಿ?" ಅಂತ ಕೇಳಿ ನೋಡಿ. ಅಲ್ಲಿಯವರೆಗೆ ನಿಮ್ಮನ್ನು ಫೋಟೋ ಹೊಡೆಯುವ ಹುಡುಗಿ ಅಂದುಕೊಂಡಿದ್ದವರು ಕುರ್ಚಿ ಎಳೆದುಕೊಂಡು ಕೂರುತ್ತಾರೆ.

ಇದಕ್ಕೂ ಜಗ್ಗದಿದ್ದರೆ ಶುರುವಿನಲ್ಲಿ ಸಹಿ ಮಾಡಿದ ಕಲಿಕೆಯ ಒಪ್ಪಂದ ಹೊರಗೆ ತೆಗೆಯಿರಿ. ಎಷ್ಟು ಕೇಸ್ ವರ್ಕ್, ಎಷ್ಟು ಗ್ರೂಪ್ ವರ್ಕ್ ಅಂತ ಅದರಲ್ಲಿ ಇರುತ್ತದೆ. ಫ್ಯಾಕಲ್ಟಿ ಸೂಪರ್‌ವೈಸರ್‌ಗೆ ಹೇಳಿ, ಮೂರೂ ಜನ ಒಟ್ಟಿಗೆ ಕೂರುವ ಹಾಗೆ ಮಾಡಿ. ದೂರು ಹೇಳುವ ಧ್ವನಿ ಬೇಡ. ಯಾವ ದಿನ ಏನು ಕೆಲಸ ಮಾಡಿದೆ ಅನ್ನುವ ಡೈರಿ ಮುಂದಿಟ್ಟರೆ ಸಾಕು, ಅದೇ ಮಾತಾಡುತ್ತದೆ. ಅರ್ಧ ಅವಧಿ ಮುಗಿಯುವ ಮುಂಚೆ ಇದಾಗಬೇಕು. ಆಮೇಲೆ ಏಜೆನ್ಸಿ ಬದಲಿಸಲೂ ಸಮಯ ಉಳಿಯುವುದಿಲ್ಲ.

ಪ್ರಶ್ನೆ: ಬೇರೆ ಕೋರ್ಸ್‌ನವರು ಒಂದು ತಿಂಗಳು ಇಂಟರ್ನ್‌ಶಿಪ್ ಮಾಡಿ ಮುಗಿಸುತ್ತಾರೆ. ನಮಗೆ ಮಾತ್ರ ಯಾಕೆ ಇಷ್ಟು ದಿನ? ಎಲ್ಲ ಕಡೆಯೂ ಹೀಗೇನಾ?

ಉತ್ತರ: ಎಲ್ಲ ಕಡೆಯೂ ಹೀಗೇ, ಕೆಲವು ಕಡೆ ಇನ್ನೂ ಜಾಸ್ತಿ. ಅಮೆರಿಕದಲ್ಲಿ ಮಾಸ್ಟರ್ಸ್ ಮುಗಿಸಲು ಕನಿಷ್ಠ 900 ಗಂಟೆ ಫೀಲ್ಡ್‌ನಲ್ಲಿ ಇರಬೇಕು. ಆಸ್ಟ್ರೇಲಿಯಾದಲ್ಲಿ 1,000 ಗಂಟೆ, ಅದೂ ಕನಿಷ್ಠ ಎರಡು ಬೇರೆ ಬೇರೆ ಪ್ಲೇಸ್‌ಮೆಂಟ್‌ಗಳಲ್ಲಿ. ಇಂಗ್ಲೆಂಡ್‌ನಲ್ಲಿ ಲೆಕ್ಕ ದಿನಗಳಲ್ಲಿ: ಒಟ್ಟು 200 ದಿನ, ಅದರಲ್ಲಿ 30 ದಿನದವರೆಗೆ ಕೌಶಲ ಅಭ್ಯಾಸ. ಉಳಿದದ್ದನ್ನು ಸಾಮಾನ್ಯವಾಗಿ ಮೊದಲು 70, ಕೊನೆಗೆ 100 ಅಂತ ಹಂಚುತ್ತಾರೆ. ಕೊನೆಯದೇ ಉದ್ದ, ಗಮನಿಸಿ. ಅಂತರರಾಷ್ಟ್ರೀಯ ಮಟ್ಟದ ಶಿಕ್ಷಣ ಮಾನದಂಡಗಳು 2004ರಲ್ಲಿ ಬಂದವು, 2020ರಲ್ಲಿ ಪರಿಷ್ಕರಣೆಯಾದವು. ಅವು ಕೂಡ ಕ್ಷೇತ್ರ ಕಾರ್ಯವನ್ನು ಓದಿನ ಜೊತೆ ಅಂಟಿಸಿದ ಬಾಲದ ಥರ ನೋಡುವುದಿಲ್ಲ, ಓದಿನ ನಡುಭಾಗದಲ್ಲೇ ಇಡುತ್ತವೆ.

ಇದು ಇವತ್ತು ನಿನ್ನೆಯ ಹುಚ್ಚಲ್ಲ. ಅಮೆರಿಕದಲ್ಲಿ ಸೋಷಿಯಲ್ ವರ್ಕ್‌ಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಮೇರಿ ರಿಚ್ಮಂಡ್ 1897ರಲ್ಲಿ ಈ ಕೆಲಸಕ್ಕೆ ತರಬೇತಿ ಶಾಲೆ ಬೇಕು ಅಂತ ವಾದಿಸಿದರು. ಮರುವರ್ಷ ನ್ಯೂಯಾರ್ಕ್‌ನಲ್ಲಿ ಆರು ವಾರದ ಬೇಸಿಗೆ ತರಗತಿ ಶುರುವಾಯಿತು. ಆಗಿನಿಂದಲೂ ನಂಬಿಕೆ ಒಂದೇ, ತರಗತಿಯಲ್ಲಿ ಕೂತು ಮಾತ್ರ ಇದನ್ನು ಕಲಿಯಲು ಆಗುವುದಿಲ್ಲ ಅಂತ.

ದಿನ ಯಾಕೆ ಜಾಸ್ತಿ ಅಂದರೆ, ಒಂದು ಕುಟುಂಬ ನಿಮ್ಮನ್ನು ನಂಬಲು ಹಿಡಿಯುವ ಸಮಯ ಸೆಮಿಸ್ಟರ್ ನೋಡಿಕೊಂಡು ಬರುವುದಿಲ್ಲ. ಮೊದಲು ಅವರು ಬೇರೆ ಏನೋ ಸಮಸ್ಯೆ ಹೇಳುತ್ತಾರೆ. ನಿಜವಾದದ್ದು ಆಮೇಲೆ ಬರುತ್ತದೆ. ನೀವು ಹಾಕಿದ ಯೋಜನೆ ಕೆಡುತ್ತದೆ, ಮತ್ತೆ ಹಾಕುತ್ತೀರಿ. ಒಂದು ಕೇಸನ್ನು ಶುರುವಿನಿಂದ ಮುಗಿಯುವವರೆಗೆ ಒಂದು ಸಲವಾದರೂ ನೋಡದೆ ಡಿಗ್ರಿ ತೆಗೆದುಕೊಂಡರೆ ಏನು ಪ್ರಯೋಜನ, ಅಲ್ವಾ? ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು. ನಿರ್ಧಾರ ನಿಮ್ಮದು, ಆದರೆ ಹಿಂದೆ ಇನ್ನೊಬ್ಬರು ಅನುಭವಸ್ಥರು ನಿಂತಿರುತ್ತಾರೆ, ಅವರ ಸಹಿ ಇರುತ್ತದೆ. ಇಂಥ ಅನುಕೂಲ ಕೊನೆಯ ಪ್ಲೇಸ್‌ಮೆಂಟ್ ಆದಮೇಲೆ ಸುಲಭಕ್ಕೆ ಸಿಗುವುದಿಲ್ಲ. ಕೆಲಸಕ್ಕೆ ಸೇರಿದ ಮೇಲೆ "ನಂಗೆ ಗೊತ್ತಾಗ್ತಿಲ್ಲ" ಅನ್ನಲು ಜನ ಹಿಂಜರಿಯುತ್ತಾರೆ. ಈಗ ಅದನ್ನು ಎಷ್ಟು ಸಲ ಬೇಕಾದರೂ ಹೇಳಬಹುದು.

ಪ್ರಶ್ನೆ: ವಾರಕ್ಕೆ ಎರಡು ಪ್ರಾಸೆಸ್ ರೆಕಾರ್ಡಿಂಗ್ (ಕ್ಲೈಂಟ್ ಜೊತೆಗಿನ ಭೇಟಿಯಲ್ಲಿ ನಡೆದದ್ದರ ಬರಹ) ಬರೆಯುತ್ತೇನೆ. ಪ್ರತಿ ಸಲವೂ ಮೇಡಂ "ಇದು ವರದಿ, ರೆಕಾರ್ಡಿಂಗ್ ಅಲ್ಲ" ಅಂತ ವಾಪಸ್ ಕೊಡುತ್ತಾರೆ. ಏನು ವ್ಯತ್ಯಾಸ ಅಂತ ಅವರೂ ಹೇಳುವುದಿಲ್ಲ, ಸೀನಿಯರ್ಸ್ ಬರೆದದ್ದನ್ನು ನೋಡಿದರೆ ಅದೂ ಹೀಗೇ ಇದೆ.

ಉತ್ತರ: ಸೀನಿಯರ್ಸ್ ಬರೆದದ್ದು ನೋಡುವುದನ್ನು ಮೊದಲು ಬಿಡಿ. ಅವರು ಅವರ ಸೀನಿಯರ್ಸ್ ಬರೆದದ್ದನ್ನು ನೋಡಿ ಬರೆದಿರುತ್ತಾರೆ. ಈ ಸಾಲುಗಳು ಯಾವ ವಿದ್ಯಾರ್ಥಿಯ ರೆಕಾರ್ಡ್‌ನಲ್ಲೂ ಸಿಗುತ್ತವೆ: "ಕ್ಲೈಂಟ್‌ನ ಮನೆಗೆ ಭೇಟಿ ನೀಡಲಾಯಿತು. ರ‍್ಯಾಪೋ ಬೆಳೆಸಲಾಯಿತು. ಕುಡಿತದ ದುಷ್ಪರಿಣಾಮಗಳ ಬಗ್ಗೆ ಅರಿವು ಮೂಡಿಸಲಾಯಿತು. ಕ್ಲೈಂಟ್ ಸಕಾರಾತ್ಮಕವಾಗಿ ಸ್ಪಂದಿಸಿದರು." ಇದರಲ್ಲಿ ನೀವು ಎಲ್ಲಿದ್ದೀರಿ? ಯಾರು ಹೋಗಿದ್ದರೂ ಇದೇ ಬರೆಯಬಹುದಿತ್ತು, ಹೋಗದೇ ಇದ್ದರೂ ಬರೆಯಬಹುದಿತ್ತು. (ಹೋಗದೇ ಬರೆದದ್ದನ್ನೂ ಓದಿದ್ದೇನೆ. ಗೊತ್ತಾಗುತ್ತದೆ.)

ಅದೇ ಭೇಟಿಯನ್ನು ಹೀಗೆ ಬರೆದರೆ? "ನಾನು ಕುಡಿತದ ಮಾತು ತೆಗೆದೆ. ಅವರು ಬಾಗಿಲ ಕಡೆ ತಿರುಗಿದರು, ಮಾತಾಡಲಿಲ್ಲ. ನನಗೆ ಗಾಬರಿಯಾಯಿತು. ಆ ಮೌನ ತಡೆಯಲಾಗದೆ ಲಿವರ್ ಹಾಳಾಗುತ್ತದೆ ಅಂತ ಶುರು ಮಾಡಿದೆ. ಅವರು ಹೂಂ ಹೂಂ ಅಂದರು. ಹೊರಡುವಾಗ ಅವರ ಹೆಂಡತಿ, ಇದನ್ನೆಲ್ಲ ಡಾಕ್ಟರೂ ಹೇಳಿದಾರಮ್ಮ ಅಂದರು." ಈಗ ಸೂಪರ್‌ವೈಸರ್‌ಗೆ ಕೆಲಸ ಸಿಕ್ಕಿತು. ಮೌನ ಯಾಕೆ ತಡೆಯಲಾಗಲಿಲ್ಲ? ಆ ಲಿವರ್ ಪಾಠ ಅವರಿಗೆ ಬೇಕಿತ್ತಾ, ನಿಮಗೆ ಬೇಕಿತ್ತಾ? ಹೆಂಡತಿಯ ಮಾತಿನಲ್ಲಿ ಸುಸ್ತಿತ್ತಾ, ಸಿಟ್ಟಿತ್ತಾ? ಇದರ ಮೇಲೆ ಒಂದು ಗಂಟೆ ಮಾತಾಡಬಹುದು. ಮೊದಲಿನದರ ಮೇಲೆ ಮಾತಾಡಲು ಏನೂ ಇಲ್ಲ, ಸಹಿ ಹಾಕಿ ಕೊಡಬಹುದು ಅಷ್ಟೇ.

ಹಾಳೆಯನ್ನು ನಾಲ್ಕು ಕಾಲಂ ಮಾಡಿಕೊಳ್ಳಿ. ಅವರು ಅಂದದ್ದು, ನಾನು ಅಂದದ್ದು ಒಂದರಲ್ಲಿ, ಆದಷ್ಟೂ ಅವರ ಮಾತಿನಲ್ಲೇ. ಆಗ ನನಗೆ ಏನನ್ನಿಸಿತು ಎರಡನೆಯದರಲ್ಲಿ. ಈಗ ಯೋಚಿಸಿದರೆ ಏನನ್ನಿಸುತ್ತದೆ ಮೂರನೆಯದರಲ್ಲಿ. ನಾಲ್ಕನೆಯದು ಖಾಲಿ, ಅದು ಸೂಪರ್‌ವೈಸರ್‌ಗೆ. ಇಡೀ ಭೇಟಿ ಬರೆಯಬೇಕಾಗಿಲ್ಲ. ಎಡವಿದ ಹತ್ತು ನಿಮಿಷ ಬರೆದರೂ ಸಾಕು. ಕ್ಲೈಂಟ್ ಎದುರು ಕೂತು ಬರೆಯಬೇಡಿ, ಹೊರಗೆ ಬಂದ ತಕ್ಷಣ ಮುಖ್ಯ ಮಾತುಗಳನ್ನು ಗುರುತು ಹಾಕಿಕೊಂಡು ಅವತ್ತೇ ರಾತ್ರಿ ಬರೆಯಿರಿ. ನಿಜವಾದ ಹೆಸರು, ವಿಳಾಸ ಬೇಡ.

ಅಮೆರಿಕದ ಚಿಂತಕ ಡೊನಾಲ್ಡ್ ಶಾನ್ 1983ರಲ್ಲಿ ಕೆಲಸ ಮಾಡುತ್ತಲೇ ಯೋಚಿಸುವುದು, ಮಾಡಿದ ಮೇಲೆ ಯೋಚಿಸುವುದು ಅಂತ ಎರಡನ್ನು ಬೇರೆ ಮಾಡಿ ತೋರಿಸಿದರು. ಎರಡನೇ ಕಾಲಂ ಮೂರನೇ ಕಾಲಂ ಇದೇ. ಶಿಕ್ಷಣ ತಜ್ಞ ಗಿಬ್ಸ್ 1988ರಲ್ಲಿ ಕೊಟ್ಟ ಆರು ಹಂತದ ಚಕ್ರವನ್ನೂ ನಿಮಗೆ ಹೇಳಿಕೊಟ್ಟಿರುತ್ತಾರೆ: ಏನಾಯಿತು, ಏನನ್ನಿಸಿತು, ಏನು ಚೆನ್ನಾಗಿತ್ತು ಏನು ಇರಲಿಲ್ಲ, ಯಾಕೆ ಹಾಗಾಯಿತು, ಬೇರೆ ಏನು ಮಾಡಬಹುದಿತ್ತು, ಮುಂದಿನ ಸಲ ಏನು. ಶುರುವಿನಲ್ಲಿ ಒಳ್ಳೆಯದೇ. ಆದರೆ ವಾರ ವಾರ ಅದೇ ಆರು ತಲೆಬರಹ ಹಾಕಿ ತುಂಬುತ್ತಾ ಹೋದರೆ ಅದೂ ಒಂದು ಫಾರಂ ಆಗಿಬಿಡುತ್ತದೆ. ನನಗಂತೂ ಓದಿ ಓದಿ ಸಾಕಾಗಿದೆ.

ಪ್ರಶ್ನೆ: ನಮ್ಮ ಏಜೆನ್ಸಿಗೆ ಬರುವ ಒಬ್ಬ ಹುಡುಗಿ ನನ್ನ ಜೊತೆ ತುಂಬಾ ಹತ್ತಿರವಾಗಿದ್ದಾಳೆ. ಹೋದ ವಾರ "ಅಕ್ಕ, ಬದುಕೋಕೆ ಮನಸ್ಸಿಲ್ಲ, ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ" ಅಂದಳು. ಕೊಟ್ಟೆ. ಅವತ್ತಿಂದ ನಿದ್ದೆ ಇಲ್ಲ. ಗೋಪ್ಯತೆ ಮುರಿಯಬಾರದು ಅಂತ ತರಗತಿಯಲ್ಲಿ ಹೇಳಿದ್ದಾರೆ.

ಉತ್ತರ: ಈ ಪತ್ರಕ್ಕೆ ಬಂದ ದಿನವೇ ಬೇರೆಯಾಗಿ ಉತ್ತರಿಸಿದ್ದೇನೆ. ಅವತ್ತೇ ಸೂಪರ್‌ವೈಸರ್‌ಗೆ ಹೇಳಿ ಅಂದೆ, ಹೇಳಿದ್ದಾರೆ, ಹುಡುಗಿಯ ಜೊತೆ ಈಗ ದೊಡ್ಡವರು ಇದ್ದಾರೆ. ಇಲ್ಲಿ ಬರೆಯುವುದು ಉಳಿದವರಿಗಾಗಿ.

ಜೀವಕ್ಕೆ ಅಪಾಯ ಇರುವಾಗ ಗೋಪ್ಯತೆಯ ಮಾತು ನಿಲ್ಲುವುದಿಲ್ಲ. ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದ್ದರೂ ನಿಲ್ಲುವುದಿಲ್ಲ. ಕೇಸ್ ವರ್ಕ್‌ನ ಏಳು ತತ್ವ ಅಂತ ನೀವು ಬಾಯಿಪಾಠ ಮಾಡಿರುತ್ತೀರಲ್ಲ, 1957ರಲ್ಲಿ ಅಮೆರಿಕದ ಪ್ರೊಫೆಸರ್ ಬೀಸ್ಟೆಕ್ ಹೇಳಿದ್ದು, ಅದರಲ್ಲಿ ಗೋಪ್ಯತೆ ಇದೆ. ಆದರೆ ಅದಕ್ಕೆ ಮಿತಿ ಇದೆ ಅಂತಲೂ ಅವರೇ ಹೇಳಿದ್ದಾರೆ. ಆ ಭಾಗ ಪರೀಕ್ಷೆಗೆ ಬರುವುದಿಲ್ಲವಾದ್ದರಿಂದ ಯಾರೂ ಓದುವುದಿಲ್ಲ. 1976ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಟಾರಾಸಾಫ್ ಪ್ರಕರಣದಲ್ಲಿ, ಇನ್ನೊಬ್ಬರ ಜೀವಕ್ಕೆ ಗಂಭೀರ ಬೆದರಿಕೆ ಇದ್ದಾಗ ಅವರನ್ನು ಕಾಪಾಡುವ ಹೊಣೆ ಚಿಕಿತ್ಸಕರ ಮೇಲಿದೆ ಅಂತ ತೀರ್ಪು ಕೊಟ್ಟಿತು. ಎಷ್ಟೋ ದೇಶಗಳಲ್ಲಿ ಮಕ್ಕಳ ಮೇಲಿನ ದೌರ್ಜನ್ಯ ಗೊತ್ತಿದ್ದೂ ತಿಳಿಸದಿರುವುದು ಅಪರಾಧ. ನಿಮ್ಮ ಏಜೆನ್ಸಿಯಲ್ಲಿ ಇದಕ್ಕೆ ಏನು ನಿಯಮ ಅಂತ ಮೊದಲ ವಾರವೇ ಕೇಳಿಟ್ಟುಕೊಳ್ಳಿ. ಬೇಕಾದಾಗ ಹುಡುಕಲು ಹೋದರೆ ಸಿಗುವುದಿಲ್ಲ.

ಹಾಗಾಗಿ ಮಾತು ಕೊಡಬೇಡಿ. "ಹೇಳಲ್ಲ ಅಂತ ಮಾತು ಕೊಡಿ" ಅಂದರೆ ಹೀಗೆ ಹೇಳಿ: "ನೀನು ಹೇಳೋದನ್ನ ಊರಿಗೆಲ್ಲ ಹೇಳ್ಕೊಂಡು ಬರಲ್ಲ. ಆದರೆ ನಿನಗೆ ಅಪಾಯ ಇದೆ ಅನ್ನಿಸಿದರೆ ನಮ್ಮ ಮೇಡಂಗೆ ಹೇಳಲೇಬೇಕು. ಹೇಳುವ ಮುಂಚೆ ನಿನಗೆ ತಿಳಿಸ್ತೀನಿ." ಹೀಗಂದರೆ ಅವರು ಬಾಯಿ ಮುಚ್ಚಿಬಿಡುತ್ತಾರೆ ಅನ್ನುವ ಭಯ ಇರುತ್ತದೆ. ಕೆಲವರು ಮುಚ್ಚುತ್ತಾರೆ, ಜಾಸ್ತಿ ಜನ ಹೇಳುತ್ತಾರೆ. ಹೇಳಬೇಕು ಅಂತಲೇ ತಾನೇ ನಿಮ್ಮ ಹತ್ತಿರ ಬಂದದ್ದು?

ಸಾಯುವ ಮಾತು ಬಂದರೆ ನೇರವಾಗಿ ಕೇಳಿ, "ಸಾಯಬೇಕು ಅನ್ನಿಸ್ತಿದೆಯಾ? ಹೇಗೆ ಅಂತ ಯೋಚಿಸಿದ್ದೀಯಾ?" ಅಂತ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಹೌದು ಅಂದರೆ ಒಬ್ಬರನ್ನೇ ಬಿಟ್ಟು ಹೊರಡಬೇಡಿ. ಸೂಪರ್‌ವೈಸರ್‌ಗೆ ಆಗಲೇ ಫೋನ್ ಮಾಡಿ, ಅವರು ಸಿಗದಿದ್ದರೆ ಅವರ ಮೇಲಿನವರಿಗೆ. ಮುಂದಿನ ಐಸಿವರೆಗೆ ಕಾಯುವ ವಿಷಯ ಅಲ್ಲ ಇದು, ರೆಕಾರ್ಡಿಂಗ್‌ನಲ್ಲಿ ಬರೆದರಾಯಿತು ಅನ್ನುವ ವಿಷಯವೂ ಅಲ್ಲ. ಇಂಥ ಭಾರವನ್ನು ವಿದ್ಯಾರ್ಥಿ ಒಬ್ಬರೇ ಹೊರಬಾರದು, ಹೊರುವ ಅಗತ್ಯವೂ ಇಲ್ಲ. ಓದುತ್ತಿರುವವರಿಗೇ ಇಂಥ ಯೋಚನೆ ಬರುತ್ತಿದ್ದರೂ ಮಾತು ಇದೇ. ಯಾರಿಗಾದರೂ ಈಗಲೇ ಹೇಳಿ.

ಪ್ರಶ್ನೆ: ಕ್ಲೈಂಟ್ ಒಬ್ಬರು ಇನ್‌ಸ್ಟಾಗ್ರಾಮ್‌ನಲ್ಲಿ ರಿಕ್ವೆಸ್ಟ್ ಕಳಿಸಿದ್ದಾರೆ. ಒಪ್ಪಿಕೊಳ್ಳದಿದ್ದರೆ ಬೇಜಾರಾಗುತ್ತಾರೆ.

ಉತ್ತರ: ಬೇಜಾರಾಗಲಿ. ಎದುರು ಸಿಕ್ಕಾಗ "ಯಾರದ್ದೂ ಒಪ್ಪಿಕೊಳ್ಳಲ್ಲ, ನಮ್ಮ ನಿಯಮ" ಅಂತ ನಗುತ್ತಾ ಹೇಳಿ. ನಂಬರ್ ಕೊಡಲೇಬೇಕಾದರೆ ಏಜೆನ್ಸಿಯದ್ದು ಕೊಡಿ. ಸಣ್ಣ ವಿಷಯ ಅಂತ ಅಲ್ಲಿಗೇ ಬಿಡಬೇಡಿ, ಸೂಪರ್‌ವೈಸರ್ ಕಿವಿಗೂ ಹಾಕಿ.

ಪ್ರಶ್ನೆ: ನಡುವಿನ ಮೌಲ್ಯಮಾಪನದಲ್ಲಿ "ಹೀಗೇ ಆದರೆ ಪಾಸ್ ಮಾಡೋದು ಕಷ್ಟ" ಅಂದರು. ಬೆಳಗ್ಗೆ ಏಳುವಾಗಲೇ ಹೊಟ್ಟೆ ತೊಳೆಸುತ್ತದೆ. ಬಿಟ್ಟುಬಿಡಲಾ?

ಉತ್ತರ: ನಡುವಿನಲ್ಲೇ ಹೇಳಿದ್ದಾರೆ. ಈಗ ಕಹಿ ಅನ್ನಿಸಿದರೂ ಒಳ್ಳೆಯ ಸೂಪರ್‌ವೈಸರ್ ಮಾಡುವ ಕೆಲಸ ಇದೇ. ನಾನು ಜಾಸ್ತಿ ಹೆದರುವುದು ಕೊನೆಯವರೆಗೆ "ಚೆನ್ನಾಗಿದೆ, ಚೆನ್ನಾಗಿದೆ" ಅಂದು ಕೊನೆಯ ವಾರ ಕೈ ಎತ್ತುವವರಿಗೆ, ಅಥವಾ ಮನಸ್ಸಿಗೆ ಕಷ್ಟವಾಗುತ್ತದೆ ಅಂತ ಎಲ್ಲರನ್ನೂ ಪಾಸ್ ಮಾಡಿ ಕಳಿಸುವವರಿಗೆ. ಆ ಎರಡನೆಯವರ ಔದಾರ್ಯಕ್ಕೆ ಮುಂದೆ ಬೆಲೆ ಕೊಡುವವರು ಕ್ಲೈಂಟ್‌ಗಳು.

"ಹೀಗೇ ಆದರೆ" ಅಂದರೆ ಹೇಗೆ? ಅದನ್ನು ಬರಹದಲ್ಲಿ ಕೇಳಿ. ಯಾವ ಕೌಶಲ ಕಾಣುತ್ತಿಲ್ಲ, ಯಾವ ಘಟನೆ ನೋಡಿ ಹಾಗೆ ಅನ್ನಿಸಿತು, ಏನು ಮಾಡಿ ತೋರಿಸಿದರೆ ಸಾಕು, ಯಾವ ದಿನ ಮತ್ತೆ ನೋಡುತ್ತಾರೆ. "ಆತ್ಮವಿಶ್ವಾಸ ಸಾಲದು" ಅಂತ ಬರೆದರೆ ಒಪ್ಪಬೇಡಿ, ಅದರಿಂದ ನೀವೇನೂ ಮಾಡಲಾಗುವುದಿಲ್ಲ. "ಸಭೆಯಲ್ಲಿ ಕುಟುಂಬದ ಪರವಾಗಿ ಮಾತಾಡಲಿಲ್ಲ" ಅಂತ ಬರೆದರೆ ಮುಂದಿನ ಸಭೆಯಲ್ಲಿ ಏನು ಮಾಡಬೇಕು ಅಂತ ಗೊತ್ತಾಗುತ್ತದೆ. ಅವರು ನಿಮ್ಮನ್ನು ಕ್ಲೈಂಟ್ ಜೊತೆ ನೇರವಾಗಿ ಎಷ್ಟು ಸಲ ನೋಡಿದ್ದಾರೆ ಅಂತಲೂ ಮರ್ಯಾದೆಯಿಂದಲೇ ಕೇಳಿ. ನೋಡದೆ ಅಭಿಪ್ರಾಯ ಕಟ್ಟಿದ್ದರೆ ಬಂದು ನೋಡಲಿ.

ಒಂದು ಮಾತು ಮಾತ್ರ ಕಟುವಾಗಿ ಹೇಳುತ್ತೇನೆ. ಅವರು ತೋರಿಸಿದ್ದು ಸಮಯಕ್ಕೆ ಬರದಿರುವುದು, ರೆಕಾರ್ಡ್ ಕೊಡದಿರುವುದು ಅಂದರೆ ಸರಿಮಾಡಿಕೊಳ್ಳಬಹುದು. ಸುಳ್ಳು ಬರೆದದ್ದು, ಕ್ಲೈಂಟ್ ಬಗ್ಗೆ ಹಗುರವಾಗಿ ಮಾತಾಡಿದ್ದು ಅಂದರೆ ಅದು ಬೇರೆ ವಿಷಯ, ಅಲ್ಲಿ ನನ್ನ ಸಲಹೆ ನಿಮಗೆ ಹಿತವಾಗುವುದಿಲ್ಲ. ಬಿಡುವ ಮಾತು ಸದ್ಯಕ್ಕೆ ಬೇಡ. ಹೊಟ್ಟೆ ತೊಳೆಸುವುದು ನಿಲ್ಲದಿದ್ದರೆ ವೈದ್ಯರನ್ನೂ ಕಾಲೇಜಿನ ಕೌನ್ಸೆಲರನ್ನೂ ನೋಡಿ. ಪ್ಲೇಸ್‌ಮೆಂಟ್ ಮುಂದೂಡಬಹುದಾ ಅಂತ ಕೋಆರ್ಡಿನೇಟರ್ ಹತ್ತಿರ ಕೇಳಿ. ಮುಂದೂಡುವುದಕ್ಕೂ ಫೇಲ್ ಆಗುವುದಕ್ಕೂ ವ್ಯತ್ಯಾಸ ಇದೆ.

ಪ್ರಶ್ನೆ: ನಾನು ಈಗಾಗಲೇ ಒಂದು ಸಂಸ್ಥೆಯಲ್ಲಿ ಕೆಲಸ ಮಾಡುತ್ತಾ ಓದುತ್ತಿದ್ದೇನೆ. ಮನೆಯಲ್ಲಿ ಇಬ್ಬರು ಮಕ್ಕಳು. ಸಂಬಳ ಬಿಟ್ಟು ಪ್ಲೇಸ್‌ಮೆಂಟ್ ಮಾಡಲು ಆಗುವುದಿಲ್ಲ. ನನ್ನದೇ ಆಫೀಸಿನಲ್ಲಿ ಮಾಡಬಹುದಾ?

ಉತ್ತರ: ಎಷ್ಟೋ ಕಡೆ ಒಪ್ಪುತ್ತಾರೆ, ಷರತ್ತು ಹಾಕಿ. ಕೆಲಸ ಈಗ ಮಾಡುತ್ತಿರುವುದಕ್ಕಿಂತ ಬೇರೆಯಾಗಿರಬೇಕು, ಬೇರೆ ವಿಭಾಗವಾದರೆ ಇನ್ನೂ ಒಳ್ಳೆಯದು. ನಿಮ್ಮ ಬಾಸ್ ನಿಮ್ಮ ಸೂಪರ್‌ವೈಸರ್ ಆಗಬಾರದು. ಇದರಲ್ಲಿ ಎರಡನೆಯದನ್ನು ಸಡಿಲ ಮಾಡಿಸಲು ಹೋಗಬೇಡಿ. ಇಂಕ್ರಿಮೆಂಟ್ ಬರೆಯುವವರ ಎದುರು ಯಾರು ತಾನೇ "ಈ ಭೇಟಿ ಕೆಡಿಸಿಕೊಂಡೆ" ಅಂತ ಹೇಳುತ್ತಾರೆ? ಅದು ಹೇಳಲಾಗದಿದ್ದರೆ ಪ್ಲೇಸ್‌ಮೆಂಟ್‌ನ ಅರ್ಧ ಹೋಯಿತು.

ದುಡ್ಡಿನ ಕಷ್ಟ ನಿಮ್ಮೊಬ್ಬರದ್ದಲ್ಲ. ಸಂಬಳ ಇಲ್ಲದ ಇಷ್ಟು ಉದ್ದದ ಪ್ಲೇಸ್‌ಮೆಂಟ್ ಅನುಕೂಲ ಇರುವವರಿಗೆ ಮಾತ್ರ ಸಲೀಸು, ಈ ವೃತ್ತಿಗೆ ಅದೊಂದು ನಾಚಿಕೆಯ ವಿಷಯ ಅಂತಲೇ ನನ್ನ ಅಭಿಪ್ರಾಯ. ಆಸ್ಟ್ರೇಲಿಯಾದಲ್ಲಿ ಇದನ್ನು ಪ್ಲೇಸ್‌ಮೆಂಟ್ ಬಡತನ ಅಂತಲೇ ಕರೆದು ಜಗಳ ಮಾಡಿದರು. 2025ರ ಜುಲೈನಿಂದ ಅಲ್ಲಿನ ಸರ್ಕಾರ ಶಿಕ್ಷಕ, ನರ್ಸಿಂಗ್, ಸೋಷಿಯಲ್ ವರ್ಕ್ ವಿದ್ಯಾರ್ಥಿಗಳಲ್ಲಿ ಅರ್ಹರಿಗೆ ಪ್ಲೇಸ್‌ಮೆಂಟ್ ಅವಧಿಯಲ್ಲಿ ವಾರಕ್ಕಿಷ್ಟು ಅಂತ ಹಣ ಕೊಡಲು ಶುರು ಮಾಡಿದೆ. ನಿಮ್ಮ ವಿಭಾಗದಲ್ಲಿ ವಾರಕ್ಕೆ ಎರಡು ಮೂರು ದಿನ ಹಂಚಿ ಮಾಡುವ ದಾರಿ ಇದೆಯಾ ಅಂತ ಕೇಳಿ. ಕೇಳುವಾಗ ಇನ್ನೂ ನಾಲ್ಕು ಜನರನ್ನು ಕರೆದುಕೊಂಡು ಹೋಗಿ, ನಿಮ್ಮಂಥವರು ತರಗತಿಯಲ್ಲಿ ಇದ್ದೇ ಇರುತ್ತಾರೆ.

ಪ್ರಶ್ನೆ: ನಾನು ವಿದ್ಯಾರ್ಥಿಯಲ್ಲ, ಏಜೆನ್ಸಿಯವನು. ಮೊದಲ ಸಲ ಇಬ್ಬರು ವಿದ್ಯಾರ್ಥಿಗಳನ್ನು ನನ್ನ ತಲೆಗೆ ಕಟ್ಟಿದ್ದಾರೆ. ನನ್ನ ಕೇಸ್‌ಗಳೇ ನನಗೆ ಮುಗಿಯುತ್ತಿಲ್ಲ. ಕನಿಷ್ಠ ಏನು ಮಾಡಿದರೆ ಅನ್ಯಾಯವಾಗುವುದಿಲ್ಲ?

ಉತ್ತರ: ಕನಿಷ್ಠ ಎಷ್ಟು ಅಂತ ಕೇಳಿದ ನಿಮ್ಮ ಪ್ರಾಮಾಣಿಕತೆ ಇಷ್ಟವಾಯಿತು. ವಾರಕ್ಕೆ ಒಂದು ಗಂಟೆ, ದಿನ ಮತ್ತು ಹೊತ್ತು ಗೊತ್ತು ಮಾಡಿ, ಫೋನ್ ಬದಿಗಿಟ್ಟು. ಅದೊಂದು ಗಂಟೆ ತಪ್ಪಿಸದಿದ್ದರೆ ಉಳಿದದ್ದು ಹೇಗೋ ನಡೆಯುತ್ತದೆ. ನಡೆದುಕೊಂಡು ಹೋಗುವಾಗ ಮಾತಾಡಿದ್ದು ಲೆಕ್ಕಕ್ಕಿಲ್ಲ.

ಸೂಪರ್‌ವಿಷನ್ ಬಗ್ಗೆ ಪುಸ್ತಕ ಬರೆದ ಕಡುಶಿನ್ 1976ರಲ್ಲಿ ಸೂಪರ್‌ವೈಸರ್‌ಗೆ ಮೂರು ಕೆಲಸ ಅಂದರು: ಆಡಳಿತ ನೋಡುವುದು, ಕಲಿಸುವುದು, ಬೆನ್ನಿಗೆ ನಿಲ್ಲುವುದು. ಪುರುಸೊತ್ತಿಲ್ಲದವರು ಮೊದಲನೆಯದನ್ನು ಮಾತ್ರ ಮಾಡುತ್ತಾರೆ, ಅಟೆಂಡೆನ್ಸ್ ಸಹಿ ಹಾಕುವುದು, ಲೀವ್ ಕೊಡುವುದು. ನಿಮಗೆ ಗೊಂದಲ ಇರುವ ಒಂದು ಕೇಸನ್ನು ಅವರ ಮುಂದೆ ಇಟ್ಟು "ನಂಗೂ ಇದರಲ್ಲಿ ಏನು ಮಾಡಬೇಕು ಅಂತ ಗೊತ್ತಾಗ್ತಿಲ್ಲ, ನೀವೇನಂತೀರಿ?" ಅನ್ನಿ. ಎರಡನೆಯ ಮತ್ತು ಮೂರನೆಯ ಕೆಲಸ ಅಲ್ಲೇ ಆಯಿತು. ಸೂಪರ್‌ವೈಸರ್‌ಗೂ ಗೊಂದಲ ಇರುತ್ತದೆ ಅಂತ ಕಂಡ ವಿದ್ಯಾರ್ಥಿ ತನ್ನ ಗೊಂದಲ ಮುಚ್ಚಿಡುವುದಿಲ್ಲ. ಮುಚ್ಚಿಟ್ಟದ್ದೇ ಆಮೇಲೆ ನಿಮ್ಮ ತಲೆನೋವಾಗುವುದು, ಅದನ್ನು ನೆನಪಿಡಿ. ಮತ್ತೆ, ಕಣ್ಣಾರೆ ನೋಡದ ಕೆಲಸಕ್ಕೆ ಗ್ರೇಡ್ ಹಾಕಬೇಡಿ.

ಪ್ರಶ್ನೆ: ಮಕ್ಕಳ ಗುಂಪಿನ ಜೊತೆ ಗ್ರೂಪ್ ವರ್ಕ್ ಮಾಡುತ್ತಿದ್ದೇನೆ. ತುಂಬಾ ಹಚ್ಚಿಕೊಂಡಿದ್ದಾರೆ. ಇನ್ನು ಕೆಲವೇ ವಾರ. ಹೋಗುತ್ತೇನೆ ಅಂತ ಹೇಳಲು ಬಾಯಿ ಬರುತ್ತಿಲ್ಲ. ಕೊನೆಯ ದಿನ ಹೇಳಿದರೆ ಆಗದಾ?

ಉತ್ತರ: ಆಗದು. ಇವತ್ತೇ ಹೇಳಿ. ನಿಜಕ್ಕೂ ಮೊದಲ ದಿನವೇ ಹೇಳಬೇಕಿತ್ತು, ನಾನು ಇಂಥ ತಿಂಗಳವರೆಗೆ ಮಾತ್ರ ಬರುತ್ತೇನೆ ಅಂತ. ಅವರಲ್ಲಿ ಕೆಲವರನ್ನು ಈಗಾಗಲೇ ದೊಡ್ಡವರು ಹೇಳದೆ ಕೇಳದೆ ಬಿಟ್ಟು ಹೋಗಿರುತ್ತಾರೆ. ನೀವೂ ಹಾಗೇ ಮಾಯವಾದರೆ ಇಷ್ಟು ದಿನ ಕಟ್ಟಿದ್ದು ಉರುಳುತ್ತದೆ.

ಪ್ರತಿ ವಾರ ಲೆಕ್ಕ ಹೇಳಿ: ಇನ್ನು ಮೂರು ಸಲ, ಇನ್ನು ಎರಡು ಸಲ. ಕೆಲವು ಮಕ್ಕಳು ಸಿಟ್ಟಾಗುತ್ತಾರೆ, ಬರುವುದನ್ನು ನಿಲ್ಲಿಸುತ್ತಾರೆ, ನಿಮ್ಮನ್ನು ಕಂಡರೂ ಮಾತಾಡಿಸುವುದಿಲ್ಲ. ನೀವು ಬಿಡುವ ಮುಂಚೆ ತಾವೇ ಬಿಡುತ್ತಾರೆ. ಅದನ್ನು ಅವಮಾನ ಅಂದುಕೊಳ್ಳದೆ ಐಸಿಗೆ ತೆಗೆದುಕೊಂಡು ಹೋಗಿ. ನಿಮಗೆ ಅಳು ಬಂದರೆ ಅದನ್ನೂ ತೆಗೆದುಕೊಂಡು ಹೋಗಿ. ಮುಂದೆ ಗುಂಪು ನೋಡಿಕೊಳ್ಳುವವರನ್ನು ಕೊನೆಯ ಎರಡು ಸಲ ಜೊತೆಗೆ ಕರೆತನ್ನಿ. ಅಂಥವರು ಯಾರೂ ಇಲ್ಲ ಅಂದರೆ ಅದು ಸೂಪರ್‌ವೈಸರ್ ಕೂತು ಬಗೆಹರಿಸಬೇಕಾದ ವಿಷಯ, ನೀವು ರಜೆಯಲ್ಲಿ ಬಂದು ತುಂಬುವ ಜಾಗ ಅಲ್ಲ. "ಆಗಾಗ ಬರ್ತೀನಿ" ಅಂತ ದಯವಿಟ್ಟು ಹೇಳಬೇಡಿ. ನೀವು ಬರುವುದಿಲ್ಲ, ಅವರು ಕಾಯುತ್ತಾರೆ.

ಪ್ರಶ್ನೆ: ಪ್ಲೇಸ್‌ಮೆಂಟ್ ಮುಗಿಯುತ್ತಿದೆ. ಕೆಲಸ ಹುಡುಕಲು ಏಜೆನ್ಸಿಯಿಂದ ಶಿಫಾರಸು ಪತ್ರ ಯಾವಾಗ ಕೇಳುವುದು? ನಾನು ಮಾಡಿದ ಕೇಸ್‌ಗಳನ್ನು ಪೋರ್ಟ್‌ಫೋಲಿಯೋದಲ್ಲಿ ತೋರಿಸಬಹುದಾ?

ಉತ್ತರ: ಹೊರಡುವ ಮುಂಚೆ ಕೇಳಿ, ನಿಮ್ಮ ಕೆಲಸ ಅವರಿಗೆ ನೆನಪಿರುವಾಗಲೇ. ಯಾವ ಕೆಲಸದ ಬಗ್ಗೆ ಬರೆದರೆ ಅನುಕೂಲ ಅಂತ ನೀವೇ ನಾಲ್ಕು ಸಾಲು ಬರೆದುಕೊಟ್ಟರೆ ಪತ್ರವೂ ಬೇಗ ಬರುತ್ತದೆ, "ಶ್ರದ್ಧೆಯುಳ್ಳ ವಿದ್ಯಾರ್ಥಿ" ಅನ್ನುವ ಒಂದೇ ಸಾಲಿನಲ್ಲಿ ಮುಗಿಯುವುದೂ ಇಲ್ಲ. ಕೇಸ್ ತೋರಿಸಬಹುದು, ಆದರೆ ಏಜೆನ್ಸಿಯ ಅನುಮತಿ ತೆಗೆದುಕೊಂಡು, ಹೆಸರು ಜಾಗ ಮಾತ್ರವಲ್ಲ, ಓದಿದವರಿಗೆ ಇವರೇ ಅಂತ ಅನ್ನಿಸುವ ಯಾವ ವಿವರವೂ ಇಲ್ಲದ ಹಾಗೆ. ಸಂದರ್ಶನದಲ್ಲಿ ಕೇಳುವವರಿಗೆ ಕ್ಲೈಂಟ್ ಕಥೆ ಬೇಕಿಲ್ಲ. ನೀವು ಎಲ್ಲಿ ತಡೆದಿರಿ, ಯಾರನ್ನು ಕೇಳಿದಿರಿ, ಆಮೇಲೆ ಏನು ಮಾಡಿದಿರಿ ಅನ್ನುವುದು ಬೇಕು. ಮೊಬೈಲ್‌ನಲ್ಲಿರುವ ಹೋಮ್ ವಿಸಿಟ್ ಫೋಟೋಗಳನ್ನೂ ಏಜೆನ್ಸಿಯ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಬಂದ ಕೇಸ್ ಶೀಟ್‌ಗಳನ್ನೂ ಕೊನೆಯ ದಿನವೇ ಅಳಿಸಿ, ಬ್ಯಾಕಪ್‌ನಲ್ಲೂ ಉಳಿದಿಲ್ಲ ಅಂತ ನೋಡಿಕೊಳ್ಳಿ.